ಅಚ್ಚು ಸರಿಯಿದ್ದರೆ ಹಾಳೆ ಸರಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಗ್ರಾಮೀಣ ಉದ್ಯೋಗ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷದ ಹಬ್ಬದಲ್ಲಿ ಮಾತಾಡೋದಕ್ಕೆ ಗಡುವಿಗೆ ಮೊದಲೇ ಸಾಲ ತೀರಿಸಿದವರು, ದೊಡ್ಡ ಠೇವಣಿ ಇಟ್ಟವರು ಬೇಕಾದಷ್ಟು ಜನ ಇದ್ದಾರೆ. ನಾವು ಐದು ಜನ ಆ ಸಾಲಿನವರಲ್ಲ. 2019ರ ಸರ್ವಸದಸ್ಯರ ಸಭೆಯಲ್ಲಿ ಸುಸ್ತಿದಾರರ ಪಟ್ಟಿ ಓದಿದಾಗ ನಮ್ಮ ಐದೂ ಹೆಸರು ಒಂದರ ಕೆಳಗೊಂದು ಬಂದಿದ್ದವು. ಅವತ್ತು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತವರು ಇವತ್ತು ಮೈಕಿನ ಮುಂದೆ ನಿಂತಿದ್ದೇವೆ. ನಡುವೆ ಏನಾಯಿತು ಅಂತ ಹೇಳೋದೇ ಈ ಭಾಷಣ. ಗೆದ್ದದ್ದಕ್ಕಿಂತ ಕೆಡಿಸಿದ್ದನ್ನು ಹೆಚ್ಚು ಹೇಳುತ್ತೇವೆ, ಯಾಕೆಂದರೆ ಮುಂದೆ ಮಾಡುವವರಿಗೆ ಉಪಯೋಗಕ್ಕೆ ಬರೋದು ಅದೇ.

ಸಂಘದ ಹಳೇ ಗೋಡೌನಿನ ಹಿಂದಿನ ಕೋಣೆಯಿಂದ ಆಗಾಗ 'ಬುಸ್' ಅಂತ ಸದ್ದು ಬರುತ್ತಲ್ಲ, ಅದೇನು ಅಂತ ಬಹಳ ಜನ ಕೇಳಿದ್ದೀರಿ. ಒಳಗೆ ಹಾವು ಸಾಕಿದ್ದಾರೆ ಅಂತ ಹುಡುಗರು ತಮಾಷೆ ಮಾಡಿದ್ದೂ ಉಂಟು. ಅದು ಗಾಳಿ ಎಳೆಯುವ ಸದ್ದು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಕೈಯಲ್ಲಿ ಮಾಡಿದ ಅಚ್ಚಿನ ಮೇಲೆ ಹೊದಿಸಿ, ಕೆಳಗಿನ ಗಾಳಿ ಎಳೆದರೆ ಹಾಳೆ ಅಚ್ಚಿಗೆ ಅಂಟಿಕೊಂಡು ಅದರ ಆಕಾರ ಪಡೆಯುತ್ತದೆ. ಆರಿದ ಮೇಲೆ ಬಿಡಿಸಿ, ಅಂಚು ಕತ್ತರಿಸಿದರೆ ಸಾಮಾನು ಸಿದ್ಧ. ಇದಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಫ್ರಿಜ್ ಇದ್ದರೆ ಅದರ ಒಳಗಿನ ಬಿಳೀ ಗೋಡೆಯನ್ನು ಮುಟ್ಟಿ ನೋಡಿ. ಬಿಸ್ಕತ್ತು ಪೊಟ್ಟಣದೊಳಗಿನ ತೆಳುವಾದ ತಟ್ಟೆಯನ್ನು ನೋಡಿ. ಅವೆಲ್ಲ ಹೀಗೇ ಹಾಳೆ ಕಾಯಿಸಿ ಅಚ್ಚಿಗೆ ಎಳೆದು ಮಾಡಿದವು.

ಅಚ್ಚು ಅನ್ನೋದು ನಮಗೆ ಹೊಸದಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುತ್ತೇವೆ. ಇಟ್ಟಿಗೆಗೆ ಅಚ್ಚು, ಬೆಲ್ಲಕ್ಕೆ ಅಚ್ಚು. ಅಲ್ಲೆಲ್ಲ ಪಾಕವನ್ನೋ ಮಣ್ಣನ್ನೋ ಅಚ್ಚಿನ ಒಳಗೆ ತುಂಬುತ್ತೇವೆ. ನಾವು ಮಾಡುವ ಕೆಲಸದಲ್ಲಿ ಹೆಚ್ಚಾಗಿ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸುತ್ತೇವೆ. ವ್ಯತ್ಯಾಸ ಇಷ್ಟೇ. ಆದರೆ ಈ 'ಇಷ್ಟೇ' ಅನ್ನುವುದರಲ್ಲಿ ನಮ್ಮ ಎರಡು ವರ್ಷ ಹೋಯಿತು.

ಗಾಳಿ ಎಳೆದರೆ ಹಾಳೆ ಯಾಕೆ ಬಗ್ಗಬೇಕು? ಚಿಕ್ಕವರಿದ್ದಾಗ ಖಾಲಿ ಲೋಟವನ್ನು ಬಾಯಿಗೆ ಹಚ್ಚಿ ಒಳಗಿನ ಗಾಳಿ ಎಳೆದು, ಅದು ತುಟಿಗೆ ಕಚ್ಚಿಕೊಂಡು ನೇತಾಡುವ ಆಟ ಎಲ್ಲರೂ ಆಡಿದ್ದೇವೆ. ಲೋಟವನ್ನು ಹಿಡಿದಿರೋದು ನಮ್ಮ ಬಾಯಲ್ಲ, ಹೊರಗಿನ ಗಾಳಿ. ನಮ್ಮ ಮೈಮೇಲೆ ಗಾಳಿಯ ಭಾರ ಸದಾ ಕೂತಿದೆ, ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒಳಗೂ ಹೊರಗೂ ಗಾಳಿ ಇರೋದರಿಂದ ಗೊತ್ತಾಗೋದಿಲ್ಲ. ಒಂದು ಕಡೆಯದನ್ನು ತೆಗೆದರೆ ಇನ್ನೊಂದು ಕಡೆಯದು ಒತ್ತುತ್ತದೆ. ಜರ್ಮನಿಯ ಮ್ಯಾಗ್ಡೆಬರ್ಗ್ ಪಟ್ಟಣದ ಮೇಯರಾಗಿದ್ದ ಒಟ್ಟೊ ಫಾನ್ ಗೆರಿಕೆ ಎಂಬಾತ 17ನೇ ಶತಮಾನದಲ್ಲಿ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದನಂತೆ. ಗೋಳ ಬಿಡಲಿಲ್ಲ. ನಮ್ಮ ಕೋಣೆಯಲ್ಲಿ ಕುದುರೆ ಇಲ್ಲ, ಆದರೆ ಅದೇ ಗಾಳಿ ನಮಗೂ ಬಿಟ್ಟಿ ಕೂಲಿ ಮಾಡುತ್ತಿದೆ.

ಲೆಕ್ಕ ಹೇಳುತ್ತೇವೆ, ಕೇಳಿ. ನಮ್ಮ ಚೌಕಟ್ಟು 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ಅಂದರೆ 2,700 ಚದರ ಸೆಂಟಿಮೀಟರ್. ಗಾಳಿಯ ಅರ್ಧ ಭಾರ ಸಿಕ್ಕಿದರೂ ಹಾಳೆಯ ಮೇಲೆ 1,350 ಕೆ.ಜಿ. ಬೀಳುತ್ತದೆ. ಮುಕ್ಕಾಲು ಕ್ವಿಂಟಾಲಿನ ಭತ್ತದ ಮೂಟೆ ಹದಿನೆಂಟು ಹೇರಿದ ಹಾಗೆ! ಇದು ಪುಸ್ತಕದಲ್ಲಿ ಓದಿ ನಾವು ನಂಬಿದ್ದಲ್ಲ. ಮೊದಲ ಸಲ ಪೆಟ್ಟಿಗೆಯ ಮೇಲಿನ ಪ್ಲೈವುಡ್ ಹಲಗೆಗೆ ಕೆಳಗಿನಿಂದ ಆಸರೆ ಕೊಡದೆ ಪಂಪು ಹಾಕಿದೆವು. ಹಲಗೆ ತೊಟ್ಟಿಲಿನಂತೆ ಬಗ್ಗಿ, ಫಟ್ ಅಂತ ಸೀಳಿತು. ಆಗ ಗಾಳಿಯ ತೂಕ ಅರ್ಥವಾಯಿತು. ಈಗ ಹಲಗೆಯ ಕೆಳಗೆ ಒಂಬತ್ತು ಕಡೆ ಮರದ ಗುಂಡು ಆಸರೆ ಕೊಟ್ಟಿದ್ದೇವೆ.

2017ರ ಯುಗಾದಿ ಹೊತ್ತಿಗೆ ಸಂಘದಿಂದ 60,000 ರೂಪಾಯಿ ಸಾಲ ಪಡೆದು ಯಂತ್ರ ಕಟ್ಟಲು ಶುರು ಮಾಡಿದೆವು. ಯಂತ್ರ ಅಂದರೆ ದೊಡ್ಡದೇನಲ್ಲ. ಕೆಳಗೆ ಗಾಳಿಯಾಡದ ಮರದ ಪೆಟ್ಟಿಗೆ, ಅದರ ಮೇಲೆ ಬೆರಳಗಲಕ್ಕೊಂದು ತೂತು ಕೊರೆದ ಹಲಗೆ. ಹಾಳೆಯನ್ನು ನಾಲ್ಕೂ ಕಡೆ ಕಚ್ಚಿ ಹಿಡಿಯುವ ಎರಡು ಕಬ್ಬಿಣದ ಚೌಕಟ್ಟು. ತಲೆಯ ಮೇಲೆ ವಿದ್ಯುತ್ ಸುರುಳಿಗಳ ಒಲೆ. ಗಾಳಿ ಎಳೆಯೋಕೆ ಮೊದಲು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಕಟ್ಟಿದೆವು. ಅದು ಗಾಳಿಯ ಭಾರದಲ್ಲಿ ಐದನೇ ಒಂದು ಪಾಲು ಎಳೆದರೆ ಹೆಚ್ಚು. ಉಬ್ಬು ತಗ್ಗು ಕಡಿಮೆ ಇರುವ ಅಚ್ಚಿಗೆ ಸಾಕಾಗುತ್ತಿತ್ತು, ಮೂಲೆಗಳು ಮೊಂಡಾಗುತ್ತಿದ್ದವು. ಆಮೇಲೆ ಹಳೆಯ ಹಾಲು ಕರೆಯುವ ಯಂತ್ರದ ಪಂಪು ಸಿಕ್ಕಿತು. ಹಸುವಿನ ಕೆಚ್ಚಲಿಗೆ ಹಾಕುವ ಆ ಯಂತ್ರ ಗಾಳಿಯ ಭಾರದ ಹೆಚ್ಚುಕಡಿಮೆ ಅರ್ಧದಷ್ಟು ಎಳೆತ ಕೊಡುತ್ತದೆ. ಪಂಪಿಗೆ ನೇರವಾಗಿ ಜೋಡಿಸಿದರೆ ಎಳೆತ ನಿಧಾನ. ಆದ್ದರಿಂದ ನಡುವೆ ಒಂದು ಗಟ್ಟಿ ಕಬ್ಬಿಣದ ತೊಟ್ಟಿ ಇಟ್ಟು, ಅದರ ಗಾಳಿಯನ್ನು ಮೊದಲೇ ಖಾಲಿ ಮಾಡಿಟ್ಟುಕೊಂಡು, ಹಾಳೆ ಹೊದಿಸಿದ ಕ್ಷಣಕ್ಕೆ ನಲ್ಲಿ ತಿರುಗಿಸುತ್ತೇವೆ. ಒಂದೇ ಗುಟುಕಿಗೆ ಎಳೆದುಬಿಡುತ್ತದೆ. ಆ 'ಬುಸ್' ಅಲ್ಲಿಂದ ಬರೋದು.

ಇನ್ನು ಕಾಯಿಸುವ ಹದ. ನಮ್ಮ ಕಡೆ ಆಲೆಮನೆ ನೋಡದವರಿಲ್ಲ. ಕೊಪ್ಪರಿಗೆಯ ಮುಂದೆ ನಿಂತವನು ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಾನೆ. ಹಾಳೆಗೂ ಹಾಗೇ ಒಂದು ಹದವಿದೆ. ನಾವು ಹೆಚ್ಚು ಬಳಸೋದು ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್, ಬಾಯಿಮಾತಿನಲ್ಲಿ 'ಹಿಪ್ಸ್' ಹಾಳೆ. ಅದು ಸುಮಾರು 150ರಿಂದ 180 ಡಿಗ್ರಿಗೆ ಎಳೆತಕ್ಕೆ ಬರುತ್ತದೆ. ಮೊದಲು ಗಡಿಯಾರ ನೋಡಿಕೊಂಡು ಕಾಯಿಸುತ್ತಿದ್ದೆವು. ಬೆಳಿಗ್ಗೆ ಸರಿಬಂದ ಲೆಕ್ಕ ಸಂಜೆಗೆ ಬರುತ್ತಿರಲಿಲ್ಲ. ಕಾರಣ, ಸಂಜೆ ಪಂಪ್‌ಸೆಟ್ಟು ದೀಪ ಎಲ್ಲಾ ಹತ್ತಿ ವೋಲ್ಟೇಜ್ ಬೀಳುತ್ತದೆ, ಒಲೆ ಸೊರಗುತ್ತದೆ. ಆಮೇಲೆ ಕಣ್ಣಲ್ಲಿ ನೋಡಿ ಹೇಳೋದು ಕಲಿತೆವು. ಬಿಸಿ ತಾಗಿದ ಹಾಳೆ ಮೊದಲು ಹಪ್ಪಳದಂತೆ ಅಲೆ ಅಲೆಯಾಗುತ್ತದೆ. ಆಮೇಲೆ ತಮಟೆ ಕಾಯಿಸಿದ ಹಾಗೆ ಬಿಗಿಯುತ್ತದೆ. ಅದಾದ ಮೇಲೆ ನಡುವೆ ಸಮನಾಗಿ ಜೋಲುತ್ತದೆ. ಎರಡು ಬೆರಳಷ್ಟು ಜೋತಾಗ ಇಳಿಸಬೇಕು. ಇನ್ನೂ ಬಿಟ್ಟರೆ ತೆಳುವಾಗಿ ಹರಿಯುತ್ತದೆ, ಹೊಗೆಯಾಡಿದರೆ ಹಾಳೆ ಸುಟ್ಟಿತು ಅಂತ ಲೆಕ್ಕ.

ಎಲ್ಲ ಹಾಳೆಗೂ ಒಂದೇ ಹದ ಅಲ್ಲ. ಎ.ಬಿ.ಎಸ್. ಅನ್ನುವ ಗಟ್ಟಿ ಹಾಳೆ ಉಂಟು. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಹಾಗೇ ಕಾಯಿಸಿದರೆ ಒಳಗಿನ ತೇವ ಆವಿಯಾಗಿ ಮೈತುಂಬ ಗುಳ್ಳೆ ಏಳುತ್ತದೆ. ಒಂದು ಕಟ್ಟು ಹಾಳೆ ಹೀಗೆ ಸೀತಾಳೆ ಸಿಡುಬು ಎದ್ದಂತಾದ ಮೇಲೆ, 80 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಿ ಬಳಸುವುದನ್ನು ಕಲಿತೆವು. ಪಾಲಿಪ್ರೊಪಿಲೀನ್ ಅಗ್ಗ, ಆದರೆ ಅದರ ಹದ ಬಹಳ ಕಿರಿದು. ಈಗ ಗಟ್ಟಿ ಅನ್ನುವಷ್ಟರಲ್ಲಿ ನೀರು. ಪಿ.ವಿ.ಸಿ. ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಮಾತು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಕಾಯಿಸಿದೆವು. ಬಿಸಿ ಹೆಚ್ಚಾಗಿ ಕಣ್ಣು ಗಂಟಲು ಉರಿದು ಎಲ್ಲರೂ ಹೊರಗೋಡಿದೆವು. ಪಿ.ವಿ.ಸಿ. ಹೆಚ್ಚು ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಅದು ತೇವಕ್ಕೆ ಸೇರಿದರೆ ಆಮ್ಲ. ಅಂದಿನಿಂದ ನಮ್ಮ ಕೋಣೆಗೆ ಪಿ.ವಿ.ಸಿ. ಇಲ್ಲ. ಏನು ಪ್ಲಾಸ್ಟಿಕ್ಕು ಅಂತ ಗೊತ್ತಿಲ್ಲದ ಹಾಳೆಯೂ ಇಲ್ಲ. ಒಲೆಯ ಮೇಲೆ ಹೊಗೆ ಹೊರಗೆಳೆಯುವ ಫ್ಯಾನು ಹಾಕಿದ್ದೇವೆ.

ಯಂತ್ರ ಮೂರು ತಿಂಗಳಿಗೆ ಸಿದ್ಧವಾಯಿತು. ಇನ್ನೇನು ದುಡ್ಡು ಎಣಿಸೋದೇ ಬಾಕಿ ಅಂದುಕೊಂಡೆವು. ಆದರೆ ಅಚ್ಚು? ಅದನ್ನು ನಾವು ಲೆಕ್ಕಕ್ಕೇ ತಗೊಂಡಿರಲಿಲ್ಲ. ಒಂದು ಗಣಪತಿಯ ಮುಖ ಮಾಡೋಣ ಅಂತ ಮನೆಯಲ್ಲಿದ್ದ ಮರದ ಬೊಂಬೆಯನ್ನೇ ಇಟ್ಟು ಹಾಳೆ ಎಳೆದೆವು. ಎಂಥ ಚೆಂದ ಬಂತು ಅಂತೀರಿ! ಕಿರೀಟದ ಗೆರೆ, ಹಣೆಯ ನಾಮ, ಎಲ್ಲವೂ ಮೂಡಿತ್ತು. ಆದರೆ ಹಾಳೆ ಸೊಂಡಿಲಿನ ಅಡಿಗೂ ಹೋಗಿ ಕಚ್ಚಿಕೊಂಡಿತ್ತು. ಎಳೆದರೂ ಬರಲಿಲ್ಲ, ಬಡಿದರೂ ಬರಲಿಲ್ಲ. ಕೊನೆಗೆ ಕತ್ತರಿಸಿ ತೆಗೆಯುವಾಗ ಹಾಳೆಯೂ ಹೋಯಿತು, ಸೊಂಡಿಲೂ ಮುರಿಯಿತು. ಮನೆಯವರಿಂದ ಬೈಸಿಕೊಂಡದ್ದನ್ನು ಇಲ್ಲಿ ಹೇಳೋದಿಲ್ಲ.

ಆಗ ನಮ್ಮೂರ ಹಿರಿಯ ಆಚಾರ್ರ ಹತ್ತಿರ ಹೋದೆವು. ನೇಗಿಲು, ಗಾಡಿ, ಬಾಗಿಲುವಾಡ ಮಾಡುತ್ತಿದ್ದ ಕೈ. ಕಬ್ಬಿಣದ ನೇಗಿಲು ಬಂತು, ಟ್ರಾಕ್ಟರ್ ಬಂತು, ಬಾಗಿಲೂ ಅಂಗಡಿಯಿಂದಲೇ ಬಂತು. ಉಳಿ ಬಾಚಿ ಅಟ್ಟಕ್ಕೆ ಏರಿದ್ದವು. ನಮ್ಮ ಮುರಿದ ಗಣಪತಿಯನ್ನು ನೋಡಿ ನಕ್ಕು, ಒಳಗಿನಿಂದ ತಮ್ಮ ತಂದೆ ಕೆತ್ತಿದ ಸಕ್ಕರೆ ಅಚ್ಚು ತಂದು ಮುಂದಿಟ್ಟರು. "ಇದು ಯಾಕೆ ಎರಡು ಹೋಳು ಇದೆ ಹೇಳಿ ನೋಡೋಣ" ಅಂದರು. ನಾವು ಸುಮ್ಮನೆ ನಿಂತೆವು. "ತುಂಬೋ ದಾರಿ ಎಲ್ಲರೂ ಯೋಚ್ನೆ ಮಾಡ್ತಾರೆ. ಬಿಡಿಸ್ಕೊಳ್ಳೋ ದಾರಿ ಮೊದಲು ಯೋಚ್ನೆ ಮಾಡ್ದೋನೇ ಅಚ್ಚು ಮಾಡೋನು" ಅಂದರು. ಈ ಕಸುಬಿನ ಮೊದಲ ಪಾಠ ಅದು. ಅವರು ಪ್ಲಾಸ್ಟಿಕ್ ಹಾಳೆಯ ಕೆಲಸ ಅವತ್ತಿನವರೆಗೆ ಕಂಡವರಲ್ಲ.

ಅವರಿಂದ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ. ಮೊದಲನೆಯದು ಓರೆ. ಬಕೆಟ್ಟು ಬುಡಕ್ಕೆ ಕಿರಿದು, ಬಾಯಿಗೆ ಅಗಲ ಇರೋದರಿಂದಲೇ ಒಂದರೊಳಗೊಂದು ಕೂತು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಅಚ್ಚಿನ ಗೋಡೆಯೂ ಹಾಗೆ ಓರೆಯಾಗಿರಬೇಕು. ಹಾಳೆ ಆರುವಾಗ ಕುಗ್ಗಿ ಅಚ್ಚನ್ನು ಬಿಗಿಯಾಗಿ ಹಿಡಿಯುತ್ತದೆ. ನೇರ ಗೋಡೆಯಾದರೆ ಬಿಡೋದೇ ಇಲ್ಲ. ಐದು ಡಿಗ್ರಿ ಓರೆ ಇದ್ದರೆ ಕ್ಷೇಮ. ಅಂದರೆ 4 ಸೆಂಟಿಮೀಟರ್ ಎತ್ತರದ ಗೋಡೆಗೆ ತುದಿಯಲ್ಲಿ ಮೂರೂವರೆ ಮಿಲಿಮೀಟರ್ ಒಳಕ್ಕೆ. ಆಚಾರ್ರಿಗೆ ಡಿಗ್ರಿ ಗೊತ್ತಿಲ್ಲ. ಹೆಬ್ಬೆರಳಿನಲ್ಲಿ ಸವರಿ "ಇನ್ನೊಂದು ನೂಲು ತೆಗೀಬೇಕು" ಅನ್ನುತ್ತಾರೆ. ಅಳೆದು ನೋಡಿದರೆ ಸರಿಯಾಗಿರುತ್ತದೆ.

ಎರಡನೆಯದು ಉಸಿರುಗಂಡಿ. ಅಚ್ಚಿನ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಹಾಳೆ ಅಲ್ಲಿಗೆ ಇಳಿಯೋದಿಲ್ಲ, ಮೂಗು ಕಣ್ಣು ಮಸುಕಾಗುತ್ತದೆ. ಪ್ರತಿ ತಗ್ಗಿನ ಆಳದಲ್ಲಿ ಒಂದು ಮಿಲಿಮೀಟರಿನ ತೂತು ಬೇಕು. ಅದಕ್ಕಿಂತ ದೊಡ್ಡದಾದರೆ ತೂತಿನ ಗುರುತೇ ಹಾಳೆಯ ಮೇಲೆ ಮೊಡವೆಯಾಗಿ ಮೂಡುತ್ತದೆ. ಅಷ್ಟು ಸಣ್ಣ ತೂತನ್ನು ದಪ್ಪ ಮರದಲ್ಲಿ ಪೂರ್ತಿ ಕೊರೆಯೋದು ಕಷ್ಟ. ಹಿಂದಿನಿಂದ ದೊಡ್ಡ ತೂತು ಕೊರೆದು, ಮುಂದೆ ಬೆರಳಗಲ ಉಳಿದಾಗ ಸಣ್ಣ ತೂತು ಹೊಡೆದು ಸೇರಿಸೋದು ಜಾಣತನ.

ಮೂರನೆಯದು ನೆರಿಗೆ. ಎರಡು ಎತ್ತರದ ಗುಬ್ಬಿಗಳು ಹತ್ತಿರ ಹತ್ತಿರ ಇದ್ದರೆ ನಡುವಿನ ಹಾಳೆಗೆ ಹೋಗಲು ಜಾಗವಿಲ್ಲದೆ ಸೀರೆಯ ನೆರಿಗೆಯಂತೆ ಮಡಿಚಿಕೊಳ್ಳುತ್ತದೆ. ಎತ್ತರದ ಒಂದೂವರೆಯಿಂದ ಎರಡು ಪಟ್ಟು ಅಂತರ ಬಿಡಬೇಕು. ನಾಲ್ಕನೆಯದು ತೆಳುವಾಗೋದು. ಒಂದೇ ಉಂಡೆ ಹಿಟ್ಟಿನಲ್ಲಿ ರೊಟ್ಟಿ ದೊಡ್ಡದು ತಟ್ಟಿದಷ್ಟೂ ತೆಳು. ಒಂದು ಅಡಿ ಹಾಳೆ ಎರಡು ಅಡಿ ಮೈ ಮುಚ್ಚಬೇಕಾದರೆ ಒಂದು ಮಿಲಿಮೀಟರಿನದು ಸರಾಸರಿ ಅರ್ಧಕ್ಕೆ ಇಳಿಯುತ್ತದೆ, ಕೊನೆಗೆ ಎಳೆದುಕೊಳ್ಳುವ ಮೂಲೆಯಲ್ಲಿ ಇನ್ನೂ ತೆಳು. ಆದ್ದರಿಂದ ಚೂಪು ಮೂಲೆ ಬೇಡ, ದುಂಡು ಮಾಡಿ.

ಐದನೆಯದು ಮರ. ಹಸಿಮರದ ಅಚ್ಚು ನಾಲ್ಕು ಹಾಳೆಗೇ ಬಿರಿಯುತ್ತದೆ. ಆಚಾರ್ರು ಕೆಡವಿದ ಮನೆಗಳ ಹಳೇ ತೇಗದ ಬಾಗಿಲುವಾಡಗಳನ್ನು ಹುಡುಕಿ ತರಿಸಿದರು. ಎಷ್ಟೋ ಮಳೆ ಬಿಸಿಲು ಕಂಡ ಮರ ಇನ್ನು ಬಗ್ಗುವುದೂ ಇಲ್ಲ, ಬಿರಿಯುವುದೂ ಇಲ್ಲ. ಉಜ್ಜು ಕಾಗದದಲ್ಲಿ ನಯ ಮಾಡಿ, ಎಳೆಯುವ ಮೊದಲು ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಸವರಿದರೆ ಹಾಳೆ ಅಂಟೋದಿಲ್ಲ. ಕೆತ್ತಲಾಗದ ಆಕಾರವನ್ನು ಜೇಡಿಮಣ್ಣಿನಲ್ಲಿ ಮಾಡಿ ಪ್ಲಾಸ್ಟರಿನಲ್ಲಿ ಎರಕ ತೆಗೆಯುತ್ತೇವೆ. ಆ ಎರಕ ಬಿಸಿಲಲ್ಲಿ ಎಷ್ಟೋ ದಿನ ಒಣಗಬೇಕು, ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ಅಚ್ಚು ಒಡೆಯುತ್ತದೆ. ಕೆಲವು ನೂರು ಸಾಮಾನಿಗೆ ಮರದ ಅಚ್ಚು ಸಾಕು. ಸಾವಿರಗಟ್ಟಲೆ ಬೇಕೆಂದರೆ ಅಲ್ಯೂಮಿನಿಯಂ ಅಚ್ಚು ಬೇಕು, ಅದು ನಮ್ಮ ಕೈಗೆ ಎಟುಕುವ ಮಾತಲ್ಲ.

ಇಷ್ಟು ಕಲಿತ ಮೇಲೂ ಸುಸ್ತಿದಾರರಾದದ್ದು ಹೇಗೆ? ಅದು ಬೆಲ್ಲದ ಕಥೆ. ಅಚ್ಚು ಬೆಲ್ಲಕ್ಕೆ ಮರದ ಅಚ್ಚಿನ ಬದಲು ಹಗುರವಾದ, ತೊಳೆಯೋಕೆ ಸುಲಭವಾದ ಪ್ಲಾಸ್ಟಿಕ್ ಅಚ್ಚು ಕೊಡೋಣ ಅಂತ ಹೊರಟೆವು. ಆಲೆಮನೆಯ ಒಬ್ಬರು ಮೂವತ್ತು ತಟ್ಟೆಗೆ ಮುಂಗಡ ಕೊಟ್ಟರು. ಆ ನಂಬಿಕೆಯಲ್ಲಿ ಉಳಿದ ಸಾಲದ ದುಡ್ಡಿಗೆಲ್ಲ ಹಿಪ್ಸ್ ಹಾಳೆ ತಂದು ಮುನ್ನೂರು ತಟ್ಟೆ ಮಾಡಿಟ್ಟೆವು. ಮೂರನೇ ದಿನ ಅವರು ಎತ್ತಿನಗಾಡಿಯಲ್ಲಿ ಮೂವತ್ತನ್ನೂ ವಾಪಸು ತಂದು ಸುರಿದರು. ತಟ್ಟೆಗಳೆಲ್ಲ ಸೊಟ್ಟಗಾಗಿ, ಕೆಲವು ಪೂರ್ತಿ ಚಪ್ಪಟೆಯಾಗಿದ್ದವು. ಬೆಲ್ಲದ ಪಾಕ ಇಳಿಸುವಾಗ 115 ಡಿಗ್ರಿ ದಾಟಿರುತ್ತದೆ. ಅಚ್ಚಿಗೆ ಬರುವಾಗ ಸ್ವಲ್ಪ ಆರಿದ್ದರೂ ನಮ್ಮ ಹಾಳೆ 100 ಡಿಗ್ರಿಯ ಒಳಗೇ ಮೆತ್ತಗಾಗುತ್ತದೆ. ಅಷ್ಟೇ ಅಲ್ಲ, ಈ ಹಾಳೆಗೆ ನೆನಪಿದೆ. ಅಚ್ಚಿನ ಮೇಲೆ ಎಳೆದು ಆರಿಸಿದ್ದನ್ನು ಮತ್ತೆ ಕಾಯಿಸಿದರೆ ತಾನು ಮೊದಲು ಚಪ್ಪಟೆ ಹಾಳೆಯಾಗಿದ್ದೆ ಅಂತ ನೆನಪಿಸಿಕೊಂಡು ಅತ್ತಲೇ ಹೋಗುತ್ತದೆ. ಒಂದು ಲೋಟ ಕುದಿಯುವ ನೀರು ಹೊಯ್ದು ನೋಡಿದ್ದರೆ ತಿಳಿಯುತ್ತಿತ್ತು. ನಾವು ನೋಡಲಿಲ್ಲ. ತಿನ್ನುವ ಪದಾರ್ಥಕ್ಕೆ ತಾಗುವ ಪ್ಲಾಸ್ಟಿಕ್ಕು ಅದಕ್ಕೆ ಯೋಗ್ಯವೋ ಅಂತಲೂ ಕೇಳಿರಲಿಲ್ಲ. ಮುಂಗಡ ವಾಪಸು ಕೊಟ್ಟೆವು. ಮುನ್ನೂರು ತಟ್ಟೆ ಗುಜರಿಗೆ ಹೋದವು. ಕಂತು ನಿಂತಿತು.

ಕಣಗಿನಹಾಳದ ಹೆಸರು ಇಲ್ಲಿ ನೆನೆಯಬೇಕು. ಗದಗ ಬಳಿಯ ಆ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಪತ್ತು ಅಂದರೆ ನಂಬಿಕೆ. ನಮ್ಮ ಬಳಿ ಅಡವಿಡೋಕೆ ಜಮೀನು ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಓದಿಸಿಕೊಂಡ ಮರುವಾರ ಆಡಳಿತ ಮಂಡಳಿ ನಮ್ಮನ್ನು ಕರೆಸಿತು. ಜಫ್ತಿ ಮಾಡುತ್ತಾರೆ ಅಂತ ಹೆದರಿ ಹೋದೆವು. ಅವರು ಕೋಣೆಗೇ ಬಂದು, ಯಂತ್ರ ನೋಡಿ, ಅಚ್ಚು ನೋಡಿ, ಅವಧಿ ಮುಂದೂಡಿದರು. ಬಡ್ಡಿ ಮನ್ನಾ ಮಾಡಲಿಲ್ಲ, ಮಾಡಬಾರದಿತ್ತು ಕೂಡ. ಅದು ನಿಮ್ಮೆಲ್ಲರ ಠೇವಣಿ ದುಡ್ಡು.

ಅವತ್ತಿನ ಸಭೆಯಲ್ಲೇ ಒಬ್ಬ ಹಿರಿಯ ಸದಸ್ಯರು ಎದ್ದು ಕೇಳಿದ್ದ ಮಾತು ಇನ್ನೂ ಕಿವಿಯಲ್ಲಿದೆ. "ಈಗ ಹೊಲ ಉತ್ತರೆ ನೇಗಿಲಿಗೆ ಬೇರಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಸಿಗ್ತದೆ. ಸಂಘದ ದುಡ್ಡಲ್ಲಿ ಅದನ್ನೇ ಇನ್ನಷ್ಟು ಮಾಡ್ತೀರೇನ್ರಪ್ಪಾ?" ಸಾಲ ಕಟ್ಟದವರಿಗೆ ಉತ್ತರ ಕೊಡುವ ಬಾಯಿ ಇರಲಿಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು. ಮದುವೆ ಅಡುಗೆಯವರು ತಟ್ಟೆ ಲೋಟ ಮಾಡಿಕೊಡಿ ಅಂತ ಆಗ ದುಂಬಾಲು ಬಿದ್ದಿದ್ದರು, ಅಚ್ಚೂ ಸುಲಭ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ 2016ರ ಮಾರ್ಚಿನಿಂದಲೇ ನಿಷೇಧ. 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧವಾಯಿತು. ಕಾನೂನು ಇರಲಿ ಬಿಡಲಿ, ಒಮ್ಮೆ ಉಂಡು ಬಿಸಾಡೋಕೆ ಬಾಳೆ ಎಲೆ ಇದೆ, ಅಡಿಕೆ ಹಾಳೆ ಇದೆ. ಕೋಣೆಯ ಬಾಗಿಲ ಮೇಲೆ ಮೂರು ಸಾಲು ಬರೆದು ಹಾಕಿದೆವು. ಮಣ್ಣು, ಮರ, ಎಲೆಯಲ್ಲಿ ಆಗೋದನ್ನು ನಾವು ಮಾಡೋದಿಲ್ಲ. ಒಂದೇ ಸಲ ಬಳಸಿ ಎಸೆಯೋದನ್ನು ಮಾಡೋದಿಲ್ಲ. ನಮ್ಮ ಸಾಮಾನು ಮುರಿದರೆ ತಂದುಕೊಡಿ, ತೂಕಕ್ಕೆ ದುಡ್ಡು ಕೊಡುತ್ತೇವೆ. ಅಂಚು ಕತ್ತರಿಸಿದ ಚೂರುಗಳನ್ನು ಹಿಪ್ಸ್ ಬೇರೆ, ಎ.ಬಿ.ಎಸ್. ಬೇರೆ ಚೀಲದಲ್ಲಿ ಹಾಕುತ್ತೇವೆ. ಬೆರಕೆಯಾದರೆ ಅದು ಕಸ. ಬೇರೆ ಬೇರೆ ಇದ್ದರೆ ಕರಗಿಸುವವರು ಕೊಳ್ಳುತ್ತಾರೆ.

ಹಾಗಾದರೆ ಮಾಡೋದೇನು? ಕಾರ್ಖಾನೆಯ ಜೊತೆ ಓಡೋಕೆ ಹೋಗಬಾರದು ಅನ್ನೋದು ನಮಗೆ ತಡವಾಗಿ ಹೊಳೆಯಿತು. ಸಸಿ ಬೆಳೆಸುವ 98 ಗುಳಿಯ ಪ್ರೋಟ್ರೇಗಳನ್ನು ನೋಡಿದ್ದೀರಿ. ಕಾರ್ಖಾನೆಯ ಯಂತ್ರ ಅದನ್ನು ಲಕ್ಷಗಟ್ಟಲೆ ಇಳಿಸುತ್ತದೆ. ಆ ದರಕ್ಕೆ ನಮಗೆ ಹಾಳೆಯೂ ಹುಟ್ಟೋದಿಲ್ಲ. ಆದರೆ ಇಪ್ಪತ್ತು ಬೇಕು, ಐವತ್ತು ಬೇಕು ಅಂದರೆ ಕಾರ್ಖಾನೆಯವನು ತಿರುಗಿಯೂ ನೋಡೋದಿಲ್ಲ, ಅವನ ಅಚ್ಚಿನ ಖರ್ಚೇ ಅಷ್ಟಿರುತ್ತದೆ. ನಮ್ಮ ಅಚ್ಚು ಹಳೇ ಬಾಗಿಲುವಾಡ ಮತ್ತು ಆಚಾರ್ರ ನಾಲ್ಕು ದಿನದ ಕೂಲಿ. ಐವತ್ತೇ ಬೇಕು ಅನ್ನುವವನೇ ನಮ್ಮ ಗಿರಾಕಿ.

ಹೀಗೆ ಹುಡುಕುತ್ತಾ ಹೋದಾಗ ಕೆಲಸ ಸಿಕ್ಕಿತು. ತಯಾರಿಕೆ ನಿಂತುಹೋದ ಹಳೇ ಟಿಲ್ಲರು, ಔಷಧಿ ಸಿಂಪಡಿಸುವ ಯಂತ್ರ, ಹಿಟ್ಟಿನ ಗಿರಣಿಗಳ ಮುಚ್ಚಳ ಮುರಿದರೆ ಹೊಸದು ಸಿಗೋದಿಲ್ಲ. ಮುರಿದದ್ದನ್ನೇ ನೋಡಿ ಅಚ್ಚು ಕೆತ್ತಿ ಎ.ಬಿ.ಎಸ್.ನಲ್ಲಿ ಎಳೆದು ಕೊಡುತ್ತೇವೆ. ಇಲ್ಲಿ ಕುಗ್ಗುವಿಕೆಯ ಲೆಕ್ಕ ಮರೆಯಬಾರದು. ಆರುವಾಗ ಈ ಹಾಳೆಗಳು ನೂರಕ್ಕೆ ಅರ್ಧದಷ್ಟು ಕುಗ್ಗುತ್ತವೆ. 60 ಸೆಂಟಿಮೀಟರಿಗೆ 3 ಮಿಲಿಮೀಟರ್. ಅಚ್ಚನ್ನು ಅಷ್ಟು ದೊಡ್ಡದು ಮಾಡದಿದ್ದರೆ ಮುಚ್ಚಳ ಕೂರೋದಿಲ್ಲ. ಸಿಮೆಂಟಿನ ಕೆಲಸದವರಿಗೆ ಕಾಂಪೌಂಡು ಗೋಡೆಯ ಹೂವಿನ ಬಿಲ್ಲೆಗೆ ಅಚ್ಚು ಮಾಡಿಕೊಡುತ್ತೇವೆ. ಎಣ್ಣೆ ಸವರಿ ಕಾಂಕ್ರೀಟು ತುಂಬಿ ಮರುದಿನ ಬಿಡಿಸಿದರೆ ಅಚ್ಚು ಮತ್ತೆ ಬಳಕೆಗೆ ಬರುತ್ತದೆ.

ನಮಗೆ ಹೆಚ್ಚು ಸಮಾಧಾನ ಕೊಟ್ಟದ್ದು ಗಣಪತಿ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಗ್ರಹ ವಿಸರ್ಜನೆಯ ಮಾರ್ಗಸೂಚಿ ಪರಿಷ್ಕರಿಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹ ಬೇಡ ಅಂದಿತು. ಮಣ್ಣಿನ ಗಣಪತಿಗೆ ಬೇಡಿಕೆ ಬಂತು, ಆದರೆ ಮಾಡುವ ಕೈಗಳು ಕಡಿಮೆ. ನಮ್ಮ ಕುಂಬಾರರು ಮಾಡಿದ ಗಣಪತಿಯನ್ನು ನೋಡಿ ಆಚಾರ್ರು ಮುಂಭಾಗ ಹಿಂಭಾಗ ಎರಡು ಅಚ್ಚು ಕೆತ್ತಿದರು. ಸೊಂಡಿಲು ಹೊಟ್ಟೆಗೆ ಒರಗಿದೆ, ಕಿವಿ ಹರಡಿ ಕೂತಿದೆ, ಹಾಳೆ ನುಗ್ಗುವ ಸಂದು ಎಲ್ಲೂ ಇಲ್ಲ. ಒಂದೂವರೆ ಮಿಲಿಮೀಟರ್ ಹಾಳೆಯಲ್ಲಿ ಎಳೆದ ಚಿಪ್ಪನ್ನು ಮರಳಿನಲ್ಲಿ ಕೂರಿಸಿ, ಬೂದಿ ಉದುರಿಸಿ, ಜೇಡಿಮಣ್ಣು ಒತ್ತುತ್ತಾರೆ. ಮಣ್ಣು ಸ್ವಲ್ಪ ಆರಿ ಕುಗ್ಗಿದಾಗ ಚಿಪ್ಪನ್ನು ಬಗ್ಗಿಸಿದರೆ ಗಣಪತಿ ಹೊರಗೆ. ಕೈಗಳನ್ನು ಬೇರೆ ಮಾಡಿ ಅಂಟಿಸೋದು, ಕಣ್ಣು ಬಿಡಿಸೋದು ಈಗಲೂ ಕುಂಬಾರರ ಕೈಯಲ್ಲೇ. ನೀರಿಗೆ ಹೋಗೋದು ಮಣ್ಣು ಮಾತ್ರ. ಪ್ಲಾಸ್ಟಿಕ್ ಚಿಪ್ಪು ಮುಂದಿನ ವರ್ಷಕ್ಕೆ ಅಟ್ಟ ಸೇರುತ್ತದೆ. ಆ ಹಿರಿಯ ಸದಸ್ಯರಿಗೆ ನಮ್ಮ ಉತ್ತರ ಇದು. ತಡವಾಗಿ ಕೊಟ್ಟದ್ದಕ್ಕೆ ಕ್ಷಮೆ ಇರಲಿ.

ರಜತ ಮಹೋತ್ಸವದ ನೆನಪಿಗೆ ಶಾಲೆಗೆ ಕರ್ನಾಟಕದ ಉಬ್ಬು ನಕ್ಷೆ ಮಾಡಿಕೊಟ್ಟಿದ್ದೇವೆ, ಹೊರಗೆ ಮೇಜಿನ ಮೇಲಿದೆ, ಮುಟ್ಟಿ ನೋಡಿ. 1950ರ ದಶಕದಲ್ಲೇ ಅಮೆರಿಕದ ಸೇನೆಯ ನಕ್ಷೆ ವಿಭಾಗ ಹೀಗೆ ಪ್ಲಾಸ್ಟಿಕ್ ಹಾಳೆ ಎಳೆದು ಉಬ್ಬು ನಕ್ಷೆ ಮಾಡುತ್ತಿತ್ತು. ನಮ್ಮ ರಾಜ್ಯ ಉತ್ತರ ದಕ್ಷಿಣ ಸುಮಾರು 750 ಕಿಲೋಮೀಟರ್. ಅದನ್ನು 60 ಸೆಂಟಿಮೀಟರಿಗೆ ಇಳಿಸಿದರೆ ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ಬರೀ ಒಂದೂವರೆ ಮಿಲಿಮೀಟರ್! ಬೆರಳಿಗೆ ಸಿಗಲಿ ಅಂತ ಎತ್ತರವನ್ನು ಹತ್ತು ಪಟ್ಟು ಮಾಡಿದ್ದೇವೆ. ಕಣ್ಣು ಕಾಣದ ಒಬ್ಬ ಹುಡುಗಿ ನಮ್ಮ ಶಾಲೆಯಲ್ಲಿದ್ದಾಳೆ. ಕರಾವಳಿಯಿಂದ ಬೆರಳು ಜಾರಿಸುತ್ತಾ ಹೋಗಿ ಘಟ್ಟ ತಾಗಿದಾಗ "ಇಷ್ಟು ಬೇಗ ಏರ್ತದಾ?" ಅಂದಳು. ನಾವು ಕಣ್ಣಿದ್ದವರು ಚಪ್ಪಟೆ ನಕ್ಷೆ ನೋಡಿ ಆ ಪ್ರಶ್ನೆ ಯಾವತ್ತೂ ಕೇಳಿರಲಿಲ್ಲ.

2023ರಲ್ಲಿ ಸಾಲದ ಕೊನೆಯ ಕಂತು ಬಡ್ಡಿ ಸಮೇತ ಕಟ್ಟಿದೆವು. ಐದು ಜನರ ಪೈಕಿ ಇಬ್ಬರಿಗೆ ಈ ಕೆಲಸವೇ ಜೀವನ, ಉಳಿದ ಮೂವರಿಗೆ ಬೇಸಾಯದ ಜೊತೆಗಿನ ಆದಾಯ. ಲಕ್ಷಾಧಿಪತಿಗಳಾಗಿಲ್ಲ, ಆಗೋದೂ ಇಲ್ಲ.

ಈಗ ಒಂದು ಬೇಡಿಕೆ ಇಟ್ಟು ಮುಗಿಸುತ್ತೇವೆ. ನಮ್ಮ ಕೋಣೆಯ ಅಟ್ಟದಲ್ಲಿ ಅರವತ್ತಕ್ಕೂ ಹೆಚ್ಚು ಅಚ್ಚುಗಳಿವೆ. ಯಂತ್ರ ಕೆಟ್ಟರೆ ತಿಂಗಳಲ್ಲಿ ಇನ್ನೊಂದು ಕಟ್ಟುತ್ತೇವೆ. ಪಂಪು ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಆಚಾರ್ರಿಗೆ ವಯಸ್ಸು ಎಂಬತ್ತರ ಹತ್ತಿರ ಬಂತು, ಕಣ್ಣು ಮಂಜಾಗಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನಾವು ಐವರೂ ಹಾಳೆ ಕಾಯಿಸಬಲ್ಲೆವು, ಗಾಳಿ ಎಳೆಯಬಲ್ಲೆವು. ಒಳ್ಳೆಯ ಅಚ್ಚು ಕೆತ್ತುವುದು ನಮ್ಮಲ್ಲಿ ಒಬ್ಬರಿಗೂ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಹಾಳೆ ತನ್ನದೇನೂ ಸೇರಿಸೋದಿಲ್ಲ. ಅಚ್ಚಿನಲ್ಲಿ ಇದ್ದದ್ದನ್ನು ತೋರಿಸುತ್ತದೆ, ತಪ್ಪಿದ್ದರೆ ತಪ್ಪನ್ನೂ ಐವತ್ತು ಸಲ ತೋರಿಸುತ್ತದೆ. ಆದ್ದರಿಂದ ಈ ಉದ್ಯೋಗದ ಬಂಡವಾಳ ಯಂತ್ರವಲ್ಲ, ಅಚ್ಚು ಮಾಡುವ ಕೈ.

ಊರಿನ ಇಬ್ಬರು ಯುವಕ ಯುವತಿಯರು ಒಂದು ವರ್ಷ ಆಚಾರ್ರ ಬಳಿ ಕೂತು ಕಲಿಯಲಿ. ಆ ವರ್ಷದ ಅವರ ಊಟದ ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆ. ಉಳಿದರ್ಧವನ್ನು ಸಂಘ ತನ್ನ ಲಾಭದಲ್ಲಿ ಶಿಕ್ಷಣಕ್ಕೆ ಇಡುವ ಹಣದಿಂದ ಕೊಡಬಹುದೇ ಅಂತ ಆಡಳಿತ ಮಂಡಳಿ ಯೋಚಿಸಬೇಕು. ಆಚಾರ್ರನ್ನು ಕೇಳಿದ್ದೇವೆ. "ಕಲಿಯೋರು ಬರಲಿ, ಉಳಿ ಮಸೆದಿಟ್ಟಿರ್ತೀನಿ" ಅಂದಿದ್ದಾರೆ. ಅವರು ಮಸೆದಿಟ್ಟ ಉಳಿ ತುಕ್ಕು ಹಿಡಿಯುವ ಮೊದಲು ಯಾರಾದರೂ ಬನ್ನಿ. ಕೋಣೆಯ ಬಾಗಿಲು ಭಾನುವಾರ ಬಿಟ್ಟು ದಿನಾ ತೆಗೆದಿರುತ್ತದೆ.